ತುಂಬಿದ ಕೊಳವೂ ಬಾರದ ನೀರೂ

ಸ್ವಂತ ಕಾರು ಇಟ್ಟುಕೊಂಡವರಿಗೆ ಮಾತ್ರವಲ್ಲ, ಬಾಡಿಗೆಯ ಕಾರಿನಲ್ಲಿ ಮದುವೆಗೋ ಆಸ್ಪತ್ರೆಗೋ ಹೋಗಿಬಂದವರಿಗೂ ಒಂದಲ್ಲ ಒಂದು ದಿನ ಎದುರಾಗಿರಬಹುದಾದ ಪ್ರಸಂಗವೊಂದಿದೆ. ನಿಂತ ಗಾಡಿಯ ಒಳಗೆ ಚಿಕ್ಕ ದೀಪವು ಚೆನ್ನಾಗಿಯೇ ಉರಿಯುತ್ತಿರುತ್ತದೆ, ಗಡಿಯಾರದ ಅಂಕಿಗಳು ಹೊಳೆಯುತ್ತಿರುತ್ತವೆ. ಕೀಲಿಯನ್ನು ತಿರುಗಿಸಿದೊಡನೆ ಬೋನೆಟ್ಟಿನ ಕೆಳಗೆಲ್ಲೋ ‘ಟಿಕ್’ ಎಂಬ ಒಂದೇ ಒಂದು ಸದ್ದಾಗಿ, ದೀಪ, ಗಡಿಯಾರ, ಹಾರನ್ನು, ವೈಪರು ಎಲ್ಲವೂ ಏಕಕಾಲಕ್ಕೆ ಇಲ್ಲವಾಗುತ್ತವೆ. ಸುತ್ತ ಸೇರಿದವರು ‘ಬ್ಯಾಟರಿ ಡೌನ್’ ಎಂದು ತೀರ್ಪು ಕೊಡುತ್ತಾರೆ. ಆದರೆ ಹತ್ತು ನಿಮಿಷ ಕಳೆದ ಮೇಲೆ, ಯಾರೊಬ್ಬರೂ ಏನನ್ನೂ ಮುಟ್ಟದಿರುವಾಗಲೇ, ಆರಿದ್ದ ದೀಪವು ತಾನಾಗಿ ಮರಳಿ ಬೆಳಗುವುದೂ ಉಂಟು. ಬರಿದಾದ ಪಾತ್ರೆಯು ತನ್ನಷ್ಟಕ್ಕೆ ತುಂಬಿಕೊಳ್ಳುವುದಿಲ್ಲವಷ್ಟೆ. ಹಾಗಿದ್ದರೆ ಅದು ಬರಿದಾದದ್ದು ನಿಜವೆ ಎಂಬ ಪ್ರಶ್ನೆ ಆ ಗಡಿಬಿಡಿಯಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಗೇಟಿನ ಮುಂದೆ

ಆಟಿ ತಿಂಗಳ ಒಂದು ಸಂಜೆ, ಬೇಕಲದ ಕೋಟೆಯನ್ನು ನೋಡಬೇಕೆಂದು ಬಹುದಿನಗಳಿಂದ ಕೇಳುತ್ತಿದ್ದ ತಮ್ಮನ ಮಗನನ್ನು ಕರೆದೊಯ್ದು, ಕತ್ತಲಾಗುವ ಹೊತ್ತಿಗೆ ಕಾಸರಗೋಡಿನ ಕಡೆಗೆ ಹಿಂದಿರುಗುತ್ತ, ಕಡಲಿಗೆ ಸಮೀಪದ ಒಂದು ಒಳದಾರಿಯಲ್ಲಿ ರೈಲ್ವೆ ಗೇಟು ಮುಚ್ಚಿದ್ದುದರಿಂದ ಎಂಜಿನನ್ನು ನಿಲ್ಲಿಸಿ ಕಾದಿದ್ದೆ. ಮಳೆ ಆಗಷ್ಟೇ ಬಿಟ್ಟಿತ್ತು. ರೈಲು ಹೋಯಿತು, ಗೇಟು ಎದ್ದಿತು, ನಾನು ಕೀಲಿ ತಿರುಗಿಸಿದೆ. ಮೇಲೆ ಹೇಳಿದ ‘ಟಿಕ್’ ಎಂಬ ಸದ್ದು ನನ್ನ ಪಾಲಿಗೂ ಬಂದು, ಕಾರಿನೊಳಗೆ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದಂತಾಯಿತು. ಹಿಂದಿನ ವಾಹನಗಳವರು ಇಳಿದು ಬಂದು ಕೈಕೊಟ್ಟರು; ಗಾಡಿಯನ್ನು ದಾರಿಯ ಮಗ್ಗುಲಿಗೆ ತಳ್ಳಿ ನಿಲ್ಲಿಸಿದೆವು.

ಹತ್ತು ನಿಮಿಷದಲ್ಲಿ ಒಳದೀಪವು ಮರಳಿತು. ಹುಡುಗನು ಇಂಜಿನಿಯರಿಂಗ್ ಓದುತ್ತಿರುವವನು, ತನ್ನ ಚೀಲದಲ್ಲಿ ಸದಾ ಇಟ್ಟುಕೊಳ್ಳುವ ಮೀಟರನ್ನು ತೆಗೆದು ಬ್ಯಾಟರಿಯ ಎರಡು ಮೊಳೆಗಳಿಗೆ ಮುಟ್ಟಿಸಿ, “ದೊಡ್ಡಪ್ಪ, 12.6 ಉಂಟು, ಪೂರ್ತಿ ತುಂಬಿದೆ” ಎಂದ. ಧನದ ಮೊಳೆಯಿಂದ ಕಾರಿನ ಮೈಗೆ ಹಿಡಿದು ನೋಡಿದ. ಅಲ್ಲಿಯೂ ಹೆಚ್ಚು ಕಡಮೆ ಅಷ್ಟೇ ತೋರಿಸಿತು. ಮೀಟರಿನ ಸಾಕ್ಷ್ಯವನ್ನು ನಂಬುವುದಾದರೆ ದೋಷವೆಂಬುದು ಎಲ್ಲಿಯೂ ಇರಲಿಲ್ಲ. ನಾನು ಧೈರ್ಯಗೊಂಡು ಮತ್ತೊಮ್ಮೆ ಕೀಲಿ ತಿರುಗಿಸಿದೆ, ಮತ್ತೊಮ್ಮೆ ಕತ್ತಲೆ.

ಬ್ಯಾಟರಿ ಸಾಯುವ ಬಗೆ

ಬ್ಯಾಟರಿಯು ಸಾಯುವುದು ಹೇಗೆಂದು ತಿಳಿದರೆ, ಅದು ಸತ್ತಿಲ್ಲವೆಂಬುದನ್ನು ತಿಳಿಯುವುದು ಸುಲಭ. ಕಾರುಗಳಲ್ಲಿ ಇಂದಿಗೂ ಬಹುಮಟ್ಟಿಗೆ ಬಳಕೆಯಲ್ಲಿರುವುದು 1859ರಲ್ಲಿ ಫ್ರಾನ್ಸಿನ ಗಾಸ್ತೋಂ ಪ್ಲಾಂತೆ ಎಂಬಾತನು ಕಂಡುಹಿಡಿದ ಸೀಸದ ಬ್ಯಾಟರಿಯೇ. ಸೀಸದ ಹಲಗೆಗಳನ್ನು ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿಸಿದ ಆರು ಕೋಣೆಗಳು ಅದರೊಳಗೆ ಸಾಲಾಗಿರುತ್ತವೆ. ಒಂದೊಂದು ಕೋಣೆಯೂ ಎರಡು ವೋಲ್ಟಿಗಿಂತ ತುಸು ಹೆಚ್ಚಿನ ಒತ್ತಡವನ್ನು ಕೊಡುವುದರಿಂದ, ಆರೂ ಕೂಡಿದಾಗ ತುಂಬಿದ ಬ್ಯಾಟರಿಯಲ್ಲಿ 12.6 ವೋಲ್ಟಿನ ಒತ್ತಡವಿರುತ್ತದೆ. ವಿದ್ಯುತ್ತನ್ನು ವ್ಯಯ ಮಾಡಿದಂತೆಲ್ಲ ಆಮ್ಲದಲ್ಲಿನ ಗಂಧಕದ ಅಂಶವು ಹಲಗೆಗಳ ಮೇಲೆ ಹೋಗಿ ಕೂರುತ್ತದೆ, ಆಮ್ಲವು ನೀರಾಗುತ್ತ ಬರುತ್ತದೆ, ಒತ್ತಡವು 12ರ ಆಸುಪಾಸಿಗೆ ಇಳಿಯುತ್ತದೆ. ರಾಸಾಯನಿಕ ಕ್ರಿಯೆಯಾದುದರಿಂದ ಇದಕ್ಕೆ ಕಾಲ ಬೇಕು. ಹೆಡ್‌ಲೈಟುಗಳನ್ನು ಆರಿಸಲು ಮರೆತು ಮಲಗಿದವನ ಕಾರನ್ನೇ ತೆಗೆದುಕೊಳ್ಳೋಣ: 55 ವ್ಯಾಟಿನ ಎರಡು ದೀಪಗಳು ಸುಮಾರು 9 ಆಂಪಿಯರ್ ಪ್ರವಾಹವನ್ನು ಸೆಳೆಯುತ್ತವೆ; ಚಿಕ್ಕ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿಯು ಅದನ್ನು ಮೂರು ನಾಲ್ಕು ಗಂಟೆಗಳ ಕಾಲ ತಾಳಿಕೊಳ್ಳುತ್ತದೆ, ಮತ್ತು ಆ ಅವಧಿಯಲ್ಲಿ ದೀಪವು ಬಿಳಿಯಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ, ಸಂಜೆಯ ಬಾನಿನಂತೆ ಮೆಲ್ಲಮೆಲ್ಲನೆ ಇಳಿಯುತ್ತದೆ.

ಮುದಿಯಾದ ಬ್ಯಾಟರಿಯೂ ಹಾಗೆಯೇ, ಮುನ್ಸೂಚನೆಯಿಲ್ಲದೆ ಹೋಗುವುದು ಅಪರೂಪ. ವಾರಗಟ್ಟಲೆ ಮೊದಲೇ ಬೆಳಗಿನ ಹೊತ್ತು ಸೆಲ್ಫು ಹೊಡೆದಾಗ ಎಂಜಿನು ಭಾರವಾಗಿ ನರಳುತ್ತ ತಿರುಗತೊಡಗುತ್ತದೆ. ಬ್ಯಾಟರಿಯನ್ನು ತುಂಬಿಸುವ ಯಂತ್ರ, ನಮ್ಮ ಗ್ಯಾರೇಜಿನವರು ಇಂದಿಗೂ ಡೈನಮೋ ಎಂದೇ ಕರೆಯುವ ಆಲ್ಟರ್ನೇಟರು, ಕೆಟ್ಟರೆ ಚಾಲಕನ ಮುಂದಿರುವ ಕೆಂಪು ದೀಪವು ಹೊತ್ತಿಕೊಂಡು ಎಚ್ಚರಿಸುತ್ತದೆ. ಗಾಡಿಯು ಕೂಡಲೇ ನಿಲ್ಲದೆ, ಬ್ಯಾಟರಿಯಲ್ಲಿ ಉಳಿದದ್ದನ್ನು ತಿನ್ನುತ್ತ ಇನ್ನಷ್ಟು ದೂರ ಸಾಗುತ್ತದೆ. ಬಳಲಿದ ಬ್ಯಾಟರಿಯು ಸ್ವಲ್ಪ ಹೊತ್ತಿನ ವಿಶ್ರಾಂತಿಯಿಂದ ತುಸು ಚೇತರಿಸಿಕೊಳ್ಳುತ್ತದೆಂಬುದು ನಿಜ. ಆದರೆ ಹಾಗೆ ಬಳಲಿದ್ದರೆ ಮೀಟರು 12.6 ಎಂದು ತೋರಿಸುವುದಿಲ್ಲ.

ಆದುದರಿಂದ ಕ್ಷಣಮಾತ್ರದಲ್ಲಿ ಸರ್ವವೂ ಆರಿದಲ್ಲಿ, ಸಂಗ್ರಹವು ಬರಿದಾಗಿದೆಯೆಂದು ಊಹಿಸುವುದಕ್ಕಿಂತ ಸಂಗ್ರಹದಿಂದ ಬರುವ ದಾರಿಯು ಕಡಿದಿದೆಯೆಂದು ಊಹಿಸುವುದೇ ಯುಕ್ತವಾದುದು. ಬ್ಯಾಟರಿಯೇ ಥಟ್ಟನೆ ಸಾಯುವ ಒಂದು ಸಂದರ್ಭವುಂಟು. ಅದರ ಒಳಗೆ ಕೋಣೆಯಿಂದ ಕೋಣೆಯನ್ನು ಬೆಸೆಯುವ ಸೀಸದ ಪಟ್ಟಿ ಬಿರುಕುಬಿಟ್ಟು ಮುರಿದಾಗ. ವಿಚಾರ ಮಾಡಿದರೆ ಅಲ್ಲಿಯೂ ಕಡಿದದ್ದು ದಾರಿಯೇ.

ಹೋಗುವ ದಾರಿ, ಬರುವ ದಾರಿ

ವಿದ್ಯುತ್ತು ದೀಪಕ್ಕೆ ಬಂದು ಅಲ್ಲಿಯೇ ಮುಗಿದುಹೋಗುತ್ತದೆಂಬ ಭಾವನೆ ಸಾಮಾನ್ಯವಾದುದು. ಹಾಗಲ್ಲ, ಅದು ಬ್ಯಾಟರಿಯ ಒಂದು ಮೊಳೆಯಿಂದ ಹೊರಟು, ದೀಪವನ್ನೋ ಮೋಟರನ್ನೋ ಹಾಯ್ದು, ಇನ್ನೊಂದು ಮೊಳೆಗೆ ಮರಳಿ ಬಂದು ಸೇರಬೇಕು. ದೇವಸ್ಥಾನದ ಪ್ರದಕ್ಷಿಣೆಯಂತೆ ಹೊರಟಲ್ಲಿಗೇ ಬಂದರೆ ಮಾತ್ರ ಅದು ಪೂರ್ಣ. ಹಾದಿಯಲ್ಲಿ ಎಲ್ಲಿ ಕಡಿದರೂ ಇಡೀ ಸುತ್ತು ನಿಲ್ಲುತ್ತದೆ.

ಕಾರಿನಲ್ಲಿ ಹೋಗುವ ದಾರಿಯೆಲ್ಲ ತಂತಿಗಳಿಂದಾದುದು. ಒಂದು ದಪ್ಪ ತಂತಿ ಸೆಲ್ಫಿಗೆ ನೇರವಾಗಿ ಹೋಗುತ್ತದೆ. ಮತ್ತೊಂದು, ಮುಖ್ಯ ಫ್ಯೂಸನ್ನು ದಾಟಿ, ಕೀಲಿಗೂ ದೀಪಗಳಿಗೂ ಕವಲೊಡೆಯುತ್ತದೆ. ಬರುವ ದಾರಿಗೆ ಮಾತ್ರ ಬೇರೆ ತಂತಿಗಳಿಲ್ಲ. ಕಾರಿನ ಉಕ್ಕಿನ ಮೈಯೇ ಮರಳುವ ದಾರಿ. 1838ರಲ್ಲಿ ಜರ್ಮನಿಯ ಸ್ಟೈನ್‌ಹೈಲ್ ಎಂಬಾತನು, ಟೆಲಿಗ್ರಾಫಿಗೆ ಎರಡನೆಯ ತಂತಿ ಅನಾವಶ್ಯಕ, ಮರಳಿ ಬರುವ ಪ್ರವಾಹಕ್ಕೆ ನೆಲವೇ ಸಾಕು ಎಂದು ಕಂಡುಕೊಂಡಿದ್ದನು. ರಬ್ಬರಿನ ಟೈರುಗಳ ಮೇಲೆ ನಿಂತು ನೆಲವನ್ನೇ ಮುಟ್ಟದ ಕಾರಿನಲ್ಲಿಯೂ ಮರಳುವ ದಾರಿಯನ್ನು ‘ಅರ್ತ್’ ಎಂದು ಕರೆಯುವ ರೂಢಿ ಹಾಗೆಯೇ ಉಳಿದಿದೆ. ನಾನಿಲ್ಲಿ ಅದನ್ನು ನೆಲದಾರಿ ಎನ್ನುತ್ತೇನೆ. ನನ್ನ ಕಾರಿನಲ್ಲಿ ಬ್ಯಾಟರಿಯ ಋಣದ ಮೊಳೆಯಿಂದ ಹೊರಟ ಕಪ್ಪು ತಂತಿಯೊಂದು, ಗೇಣುದ್ದ ಬಂದು, ತನ್ನ ತುದಿಯ ತಾಮ್ರದ ಬಳೆಯಿಂದ ಮೈಗೆ ಒಂದು ಬೋಲ್ಟಿನ ಕೆಳಗೆ ಸೇರಿದೆ. ಮೈಯಿಂದ ಎಂಜಿನಿಗೆ ಹೆಣೆದ ತಾಮ್ರದ ಪಟ್ಟಿಯೊಂದಿದೆ. ದೀಪ, ಹಾರನ್ನು, ಗಡಿಯಾರ, ಸೆಲ್ಫು ಇವುಗಳ ಹೋಗುವ ದಾರಿಗಳು ಬೇರೆಬೇರೆಯಾದರೂ, ಮರಳುವಾಗ ಎಲ್ಲವೂ ಆ ಒಂದೇ ಬೋಲ್ಟಿನ ಕೆಳಗೆ ತಲೆತಗ್ಗಿಸಿ ದಾಟಬೇಕು. ಎಲ್ಲವೂ ಒಟ್ಟಿಗೆ ಆರಿದಾಗ ಎಲ್ಲಕ್ಕೂ ಸಾಮಾನ್ಯವಾದ ಸ್ಥಳವನ್ನೇ ಮೊದಲು ಶಂಕಿಸಬೇಕೆಂಬುದಕ್ಕೆ ಕಾರಣ ಇದೇ.

ಹಿಂದಿನ ಕಾಲದ ವಾಹನಗಳಿಗೆ ವಿದ್ಯುತ್ತಿನ ಈ ಪರಾಧೀನತೆ ಇಷ್ಟಿರಲಿಲ್ಲ. 1911ರಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ವಿದ್ಯುತ್ತಿನ ಸೆಲ್ಫನ್ನು ರೂಪಿಸಿ, ಮರುವರ್ಷ ಅದು ಕ್ಯಾಡಿಲಾಕ್ ಕಾರಿನಲ್ಲಿ ಬರುವವರೆಗೆ, ಮುಂದುಗಡೆ ಹ್ಯಾಂಡಲ್ ಹಾಕಿ ತೋಳ್ಬಲದಿಂದ ಎಂಜಿನನ್ನು ತಿರುಗಿಸಬೇಕಾಗಿತ್ತು, ಮತ್ತು ಹಿಮ್ಮೊಗವಾಗಿ ಒದೆಯುವ ಹ್ಯಾಂಡಲಿನಿಂದ ಮಣಿಕಟ್ಟು ಮುರಿದುಕೊಳ್ಳುವ ಅಪಾಯವೂ ಇತ್ತು. ನಮ್ಮ ಪಾಣತ್ತೂರು, ಬಂದಡ್ಕಗಳ ಗುಡ್ಡದ ದಾರಿಗಳಲ್ಲಿ ಓಡುತ್ತಿದ್ದಂಥ ಹಳೆಯ ಡೀಸೆಲ್ ಜೀಪನ್ನು, ಬ್ಯಾಟರಿ ಕೈಕೊಟ್ಟರೂ, ಇಳಿಜಾರಿನಲ್ಲಿ ಉರುಳಿಸಿ ಗೇರಿಗೆ ಹಾಕಿ ಚಾಲೂ ಮಾಡಬಹುದಾಗಿತ್ತು. ಡೀಸೆಲ್ಲು ಕಿಡಿಯನ್ನು ಬೇಡುವುದಿಲ್ಲ. ಇಂದಿನ ಪೆಟ್ರೋಲ್ ಕಾರಾದರೋ ಕಿಡಿಗೂ, ಪೆಟ್ರೋಲನ್ನು ಮೇಲೆತ್ತುವ ಪಂಪಿಗೂ, ಎಂಜಿನಿನ ಲೆಕ್ಕಾಚಾರ ನೋಡುವ ಪೆಟ್ಟಿಗೆಗೂ ವಿದ್ಯುತ್ತನ್ನೇ ನಂಬಿದೆ.

ಸುರಂಗದ ನೀರು

ಇನ್ನು ಮುಖ್ಯವಾದ ತೊಡಕಿಗೆ ಬರೋಣ. ಮೀಟರಿಗೆ ಕಾಣಿಸಿದ 12.6 ವೋಲ್ಟು ಸೆಲ್ಫಿಗೆ ಏಕೆ ಸಿಗಲಿಲ್ಲ?

ನಮ್ಮ ಜಿಲ್ಲೆಯ ಗುಡ್ಡಗಾಡಿನ ಕೃಷಿಕರಿಗೆ ಸುರಂಗವೆಂದರೇನೆಂದು ಹೇಳಬೇಕಾಗಿಲ್ಲ. ಮುರಕಲ್ಲಿನ ಗುಡ್ಡದ ಬದಿಯಲ್ಲಿ ಒಬ್ಬನಷ್ಟೇ ಹೋಗಬಹುದಾದ ಅಗಲಕ್ಕೆ ಅಡ್ಡಲಾಗಿ ಕೊರೆದ ಬಿಲದಲ್ಲಿ ಒರತೆಯ ನೀರು ಜಿನುಗಿ, ದಂಬೆಯಲ್ಲಿ ಹರಿದು, ಹೊರಗಿನ ಮಣ್ಣಿನ ಕೊಳದಲ್ಲಿ ಶೇಖರವಾಗುತ್ತದೆ. ಅಲ್ಲಿಂದ ಪೈಪಿನಲ್ಲಿ ಕೆಳಗಿನ ಅಡಿಕೆ ತೋಟಕ್ಕೆ ಇಳಿಯುತ್ತದೆ. ಕೊಳವೇ ನಮ್ಮ ಬ್ಯಾಟರಿ. ಕೊಳವು ತೋಟಕ್ಕಿಂತ ಎಷ್ಟು ಎತ್ತರದಲ್ಲಿದೆಯೆಂಬುದು ಒತ್ತಡ. ಪೈಪಿನಲ್ಲಿ ಎಷ್ಟು ನೀರು ಹರಿಯುತ್ತದೆಯೆಂಬುದು ಪ್ರವಾಹ.

ಈಗ ಆ ಪೈಪಿನೊಳಗೆ ನಡುವೆಲ್ಲೋ ಬೇರಿನ ಗಂಟೊಂದು ಬೆಳೆದು, ನೂಲಿನಷ್ಟು ಸಂದನ್ನು ಮಾತ್ರ ಬಿಟ್ಟಿದೆಯೆಂದು ಭಾವಿಸೋಣ. ತೋಟದಲ್ಲಿ ಎಲ್ಲ ನಲ್ಲಿಗಳನ್ನೂ ಮುಚ್ಚಿ, ಪೈಪಿನ ತುದಿಗೆ ಒತ್ತಡದ ಮಾಪಕವನ್ನು ಕೂರಿಸಿದರೆ, ಅದು ಕೊಳದ ಪೂರ್ಣ ಎತ್ತರವನ್ನೇ ತೋರಿಸುತ್ತದೆ. ನೀರು ಹರಿಯದಿರುವಾಗ ಗಂಟು ಇದ್ದರೂ ಇಲ್ಲದಿದ್ದರೂ ಭೇದವಿಲ್ಲ. ಒಂದು ನಲ್ಲಿಯನ್ನು ತುಸುವೇ ತೆರೆದು ಕೊಡವೊಂದನ್ನು ಇಟ್ಟರೆ ಕೊಡ ತುಂಬುತ್ತದೆ. ಅದೇ ತೋಟಕ್ಕೆಲ್ಲ ನೀರು ಹಾಯಿಸುವ ಜೆಟ್ಟುಗಳನ್ನು ಒಮ್ಮೆಗೇ ಬಿಟ್ಟ ಕೂಡಲೇ, ಆ ನೂಲಿನಷ್ಟು ಸಂದಿಯಲ್ಲಿ ತೂರಲಾರದ ನೀರು ಗಂಟಿನ ಆಚೆಯೇ ನಿಂತು, ಇರುವ ಒತ್ತಡವೆಲ್ಲ ಅಲ್ಲಿಯೇ ವ್ಯಯವಾಗಿ, ಜೆಟ್ಟುಗಳೂ ತಿರುಗವು, ಅದುವರೆಗೆ ಧಾರೆ ಕಟ್ಟಿದ್ದ ಚಿಕ್ಕ ನಲ್ಲಿಯೂ ಒಣಗುತ್ತದೆ. ಕೊಳವು ಮೇಲೆ ತುಂಬಿ ತುಳುಕುತ್ತಲೇ ಇರುತ್ತದೆ.

ಚಿಕ್ಕ ನಲ್ಲಿಯೆಂದರೆ ಕಾರಿನ ಒಳದೀಪ, ಜೆಟ್ಟುಗಳೆಂದರೆ ಸೆಲ್ಫು, ಮುಚ್ಚಿದ ನಲ್ಲಿಗೆ ಕೂರಿಸಿದ ಮಾಪಕವೆಂದರೆ ಹುಡುಗನ ಮೀಟರು. ತಡೆಯನ್ನು ಅಳೆಯುವ ಮಾನಕ್ಕೆ ಗೇಯಾರ್ಗ್ ಓಮ್ ಎಂಬ ಜರ್ಮನ್ ಅಧ್ಯಾಪಕನ ಹೆಸರಿದೆ. ಒತ್ತಡ, ಪ್ರವಾಹ, ತಡೆಗಳ ಸಂಬಂಧವನ್ನು ಆತನು 1827ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿರೂಪಿಸಿದನು. ನೆಲದಾರಿಯ ಆ ಬೋಲ್ಟಿನಲ್ಲಿ ಕೇವಲ ಒಂದು ಓಮಿನಷ್ಟು ತಡೆ ಹುಟ್ಟಿತೆಂದಿಟ್ಟುಕೊಳ್ಳೋಣ. ಮೀಟರಿನ ಒಳಗಿನ ತಡೆಯೇ ಸಾಮಾನ್ಯವಾಗಿ ಒಂದು ಕೋಟಿ ಓಮ್. ಕೋಟಿಯ ಪಕ್ಕದಲ್ಲಿ ಒಂದು ಹೆಚ್ಚಿದ್ದು ಅದಕ್ಕೆ ತಿಳಿಯುವುದಾದರೂ ಹೇಗೆ! ಐದು ವ್ಯಾಟಿನ ಒಳದೀಪಕ್ಕೆ ಬೇಕಾದ ಪ್ರವಾಹವು ಅರ್ಧ ಆಂಪಿಯರಿಗಿಂತ ಕಡಮೆ. ಅದು ಬೋಲ್ಟಿನಲ್ಲಿ ಅರ್ಧ ವೋಲ್ಟಿನಷ್ಟೂ ಕಳೆದುಕೊಳ್ಳದೆ ದಾಟುತ್ತದೆ, ದೀಪವು ಮಂಕಾದದ್ದು ಕಣ್ಣಿಗೆ ಕಾಣುವುದಿಲ್ಲ. ಸೆಲ್ಫಾದರೋ ನೂರು, ನೂರೈವತ್ತು ಆಂಪಿಯರುಗಳನ್ನು ಬೇಡುವ ಮೋಟರು. ಒಂದು ಓಮಿನ ಇಕ್ಕಟ್ಟಿನಲ್ಲಿ 12 ವೋಲ್ಟಿನ ಒತ್ತಡವು ನೂಕಬಲ್ಲದ್ದು ಹೆಚ್ಚೆಂದರೆ 12 ಆಂಪಿಯರು. ಸೆಲ್ಫಿನ ಸ್ವಿಚ್ಚು ‘ಟಿಕ್’ ಎಂದು ಕೂಡುತ್ತದೆ. ಕೂಡಿದ ಕ್ಷಣವೇ ಒತ್ತಡವೆಲ್ಲ ಬೋಲ್ಟಿನಲ್ಲಿ ಕುಸಿಯುತ್ತದೆ. ಅದೇ ದಾರಿಯನ್ನು ನಂಬಿದ್ದ ಒಳದೀಪವೂ ಗಡಿಯಾರವೂ ಆರುತ್ತವೆ.

ಹಾಗೆ ಕುಸಿದ ಶಕ್ತಿಯು ಎಲ್ಲಿಗೂ ಓಡಿಹೋಗುವುದಿಲ್ಲ, ಅಲ್ಲಿಯೇ ಶಾಖವಾಗುತ್ತದೆ. 12 ವೋಲ್ಟು, 12 ಆಂಪಿಯರು ಎಂದರೆ 144 ವ್ಯಾಟು. ಎರಡು ಹೆಡ್‌ಲೈಟುಗಳು ಉರಿಸುವುದಕ್ಕಿಂತಲೂ ಹೆಚ್ಚಿನ ಶಕ್ತಿ ಒಂದು ಬೋಲ್ಟಿನ ಕೆಳಗೆ ವ್ಯರ್ಥವಾಗಿ ಕಾಯುತ್ತದೆ. ಬಲ್ಲ ಮೆಕ್ಯಾನಿಕನು ಕೀಲಿ ತಿರುಗಿಸಿ ನೋಡಿದೊಡನೆ ಕೂಡುಗಳನ್ನೆಲ್ಲ ಬೆರಳಿನಿಂದ ಮುಟ್ಟುತ್ತ ಬರುವುದು ಈ ಬಿಸಿಯನ್ನು ಹುಡುಕಿಯೇ.

ಒಂದು ಬಲ್ಬು, ಎರಡು ತಂತಿ

ಗೇಟಿನ ಹತ್ತಿರದ ಅಂಗಡಿಯವರು ಫೋನು ಮಾಡಿ ಕರೆಸಿದ ಮೆಕ್ಯಾನಿಕನು ಸ್ಕೂಟರಿನಲ್ಲಿ ಬಂದಿಳಿದ. ಅವನ ಚೀಲದಲ್ಲಿ ಮೀಟರಿರಲಿಲ್ಲ. ಹಳೆಯ ಹೆಡ್‌ಲೈಟಿನ ಬಲ್ಬೊಂದಕ್ಕೆ ಎರಡು ಮಾರುದ್ದದ ತಂತಿಗಳನ್ನು ಬೆಸೆದು ಮಾಡಿದ ಒಂದು ದೀಪವಿತ್ತು. ಹುಡುಗನು 12.6ರ ವಿಷಯ ಹೇಳಿದಾಗ ಅವನು ಸಮಾಧಾನದಿಂದ ಕೇಳಿ, “ಮೀಟರು ಸುಳ್ಳು ಹೇಳುವುದಿಲ್ಲ ಮಾಷ್ಟ್ರೇ. ಆದ್ರೆ ಅದು ಕೆಲಸ ಕೊಡುವುದಿಲ್ಲ. ಕೆಲಸ ಕೊಟ್ಟು ನೋಡ್ಬೇಕು” ಎಂದ. ಈ ಅಧ್ಯಾಯದಲ್ಲಿ ನಾನು ಪುಟಗಟ್ಟಲೆ ಹೇಳುತ್ತಿರುವುದನ್ನು ಆತನು ಮೂರು ವಾಕ್ಯಗಳಲ್ಲಿ ಹೇಳಿದನೆಂಬುದು ನನಗೆ ಮನವರಿಕೆಯಾದದ್ದು ಆಮೇಲೆ.

ಮೊದಲು ಅವನು ಬ್ಯಾಟರಿಯ ಹಿಡಿಕೆಗಳನ್ನು ಕೈಯಿಂದ ತಿರುಚಿ ನೋಡಿದ, ಅಲುಗಲಿಲ್ಲ. ಸಾಮಾನ್ಯವಾಗಿ ದೋಷ ಸಿಗುವುದು ಅಲ್ಲಿಯೇ: ಆಮ್ಲದ ಆವಿಗೆ ಸೀಸದಿಂದ ಬಿಳಿಯ, ತಾಮ್ರದಿಂದ ನೀಲಿಹಸಿರಿನ ಕಿಲುಬು ಹುಟ್ಟಿ, ಮೊಳೆಗೂ ಹಿಡಿಕೆಗೂ ನಡುವೆ ಗೋಡೆಯಾಗುತ್ತದೆ. ಅಡುಗೆಸೋಡ ಕದಡಿದ ಬಿಸಿನೀರನ್ನು, ಬ್ಯಾಟರಿಯ ಒಳಗೆ ಇಳಿಯದಂತೆ ಎಚ್ಚರವಹಿಸಿ ಹಾಕಿದರೆ, ಅದು ನೊರೆಯೆದ್ದು ಕರಗಿಹೋಗುತ್ತದೆ. ನನ್ನ ಬ್ಯಾಟರಿಯ ಮೊಳೆಗಳು ಶುಭ್ರವಾಗಿದ್ದುವು.

ಅವನು ಬಲ್ಬಿನ ಎರಡು ತಂತಿಗಳನ್ನೂ ಬ್ಯಾಟರಿಯ ಮೊಳೆಗಳ ಮೇಲೆಯೇ ಇಟ್ಟ. ಬಲ್ಬು ಕಣ್ಣು ಕೋರೈಸುವಂತೆ ಬೆಳಗಿತು. ಸಂಗ್ರಹದಲ್ಲಿ ಕೊರತೆಯಿಲ್ಲವೆಂಬುದು, ಬರಿಯ ಅಂಕಿಯಿಂದಲ್ಲ, ಐದು ಆಂಪಿಯರಿನಷ್ಟು ನಿಜವಾದ ಪ್ರವಾಹವನ್ನು ಹರಿಸಿಯೇ ಸಿದ್ಧವಾಯಿತು. ಅನಂತರ ಧನದ ಮೊಳೆಯ ಮೇಲಿನ ತಂತಿಯನ್ನು ಹಾಗೆಯೇ ಬಿಟ್ಟು, ಇನ್ನೊಂದನ್ನು ಕಾರಿನ ಮೈಯಲ್ಲಿ ಬಣ್ಣವಿಲ್ಲದ ಉಕ್ಕಿಗೆ ಒತ್ತಿದ. ಬಲ್ಬು ಬೂದಿ ಮುಚ್ಚಿದ ಕೆಂಡದಂತೆ ಕೆಂಪಗೆ ಮಿಣುಕಿತು. ಹೋಗುವ ದಾರಿಯು, ಅಂದರೆ ಫ್ಯೂಸು, ಕೀಲಿ ಇವುಗಳು, ಈ ಪರೀಕ್ಷೆಯೊಳಗೆ ಬರಲೇ ಇಲ್ಲವಾದುದರಿಂದ ದೋಷವು ಬರುವ ದಾರಿಯಲ್ಲಿದೆಯೆಂಬುದು ಖಚಿತವಾಯಿತು. ಮೂರನೆಯ ಸಲ, ಮೈಗೆ ಒತ್ತಿದ್ದ ತುದಿಯನ್ನು ಎತ್ತಿ, ಕಪ್ಪು ತಂತಿಯ ಕೊನೆಯ ತಾಮ್ರದ ಬಳೆಗೆ ಮುಟ್ಟಿಸಿದ. ಬೆಳಕು ಬೆಳ್ಳಗೆ ಚಿಮ್ಮಿತು. ಬಳೆಯಿಂದ ಒಂದು ಬೆರಳು ಆಚೆ, ಉಕ್ಕಿನ ಮೇಲೆ, ಮತ್ತೆ ಕೆಂಡ. ಇಡೀ ಕಾರಿನ ಕತ್ತಲೆಯು ಒಂದು ಬೆರಳಗಲದ ಜಾಗಕ್ಕೆ ಬಂದು ನಿಂತಿತು.

ದೋಷವು ಎಲ್ಲಿಯೇ ಇರಲಿ, ಹುಡುಕುವ ಕ್ರಮ ಇದೊಂದೇ. ದಾರಿಯಲ್ಲಿ ಕೆಲಸವೊಂದು ನಡೆಯುತ್ತಿರಬೇಕು, ಮತ್ತು ಬೆಳಕು ಇರುವಲ್ಲಿಂದ ಇಲ್ಲದಲ್ಲಿಗೆ ಕೂಡಿನಿಂದ ಕೂಡಿಗೆ ಮುಂದುವರಿಯಬೇಕು. ಧನದ ತಂತಿ ಅಥವಾ ಮುಖ್ಯ ಫ್ಯೂಸು ಕೆಟ್ಟಿದ್ದರೆ, ಬಲ್ಬಿನ ಒಂದು ತಂತಿಯನ್ನು ಋಣದ ಮೊಳೆಯ ಮೇಲಿಟ್ಟು ಇನ್ನೊಂದನ್ನು ಫ್ಯೂಸಿನ ಈಚೆಗೂ ಆಚೆಗೂ ಮುಟ್ಟಿಸುವುದು. ಮೀಟರಿನಿಂದಲೂ ಇದು ಸಾಧ್ಯ, ಆದರೆ ಹಿಡಿಯುವ ಬಗೆ ಬೇರೆ: ಹೆಡ್‌ಲೈಟನ್ನು ಹಾಕಿಟ್ಟು, ಮೀಟರಿನ ಎರಡು ಕಡ್ಡಿಗಳನ್ನು ಶಂಕಿತವಾದ ಕೂಡಿನ ಆಚೆ ಈಚೆ ಇಡಬೇಕು. ಆಗ ಸೊನ್ನೆ ಬಂದರೆ ಆರೋಗ್ಯ. ವೋಲ್ಟು ಕಾಣಿಸಿದಷ್ಟೂ ಅಲ್ಲಿ ಒತ್ತಡವು ಕಳ್ಳತನವಾಗುತ್ತಿದೆಯೆಂದರ್ಥ.

ಬೋಲ್ಟಿನ ಕೆಳಗೆ

ಹತ್ತರ ಸ್ಪ್ಯಾನರಿನಿಂದ ಅವನು ಮೊದಲು ಬ್ಯಾಟರಿಯ ಋಣದ ಹಿಡಿಕೆಯನ್ನು ಕಳಚಿದ. ಈ ಕ್ರಮಕ್ಕೆ ಕಾರಣವುಂಟು. ಧನದ ಹಿಡಿಕೆಯನ್ನು ಮೊದಲು ಬಿಚ್ಚಹೊರಟರೆ, ಸ್ಪ್ಯಾನರಿನ ಬಾಲವು ಅಕಸ್ಮಾತ್ತಾಗಿ ಕಾರಿನ ಮೈಗೆ ತಗಲಿದಲ್ಲಿ ಬ್ಯಾಟರಿಯ ಸಮಸ್ತ ಶಕ್ತಿಯೂ ಆ ಸ್ಪ್ಯಾನರಿನ ಮೂಲಕವೇ ನುಗ್ಗಿ, ಕಿಡಿ ಹಾರಿ, ಬ್ಯಾಟರಿಯಿಂದ ಹೊರಟ ಜಲಜನಕಕ್ಕೆ ಬೆಂಕಿ ತಗಲಬಹುದು. ಮರಳಿ ಜೋಡಿಸುವಾಗ ಋಣದ ಹಿಡಿಕೆ ಕಡೆಯದು.

ಬೋಲ್ಟನ್ನು ಎತ್ತಿದಾಗ, ಹೊರಗಿನಿಂದ ಯಾವ ಕಲಂಕವೂ ಕಾಣದಿದ್ದ ಬಳೆಯ ಅಡಿಯಲ್ಲಿ ತುಕ್ಕಿನ ಒಂದು ಚಕ್ರವೇ ಹೆಪ್ಪುಗಟ್ಟಿತ್ತು. ಬೆರಳಿಗೆ ಕಂದುಹುಡಿ ಅಂಟಿತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಉಳಿದ ಕಾಲದಲ್ಲಿ ಉಪ್ಪುಗಾಳಿ ಬೀಸುವ ಈ ಕರಾವಳಿಯಲ್ಲಿ ಅಂತಹ ಕೂಡಿನಲ್ಲಿ ನಡೆಯುವುದೇನು? 1800ರಲ್ಲಿ ಇಟಲಿಯ ವೋಲ್ಟಾ, ಎರಡು ಭಿನ್ನ ಲೋಹಗಳ ನಡುವೆ ಉಪ್ಪುನೀರಿನಲ್ಲಿ ನೆನೆದ ವಸ್ತುವನ್ನಿಟ್ಟರೆ ವಿದ್ಯುತ್ತು ಹುಟ್ಟುವುದೆಂದು ಲೋಕಕ್ಕೆ ತಿಳಿಸಿದನು. ಜಗತ್ತಿನ ಮೊದಲ ಬ್ಯಾಟರಿ ಅದು. ತಾಮ್ರದ ಬಳೆ, ಉಕ್ಕಿನ ಮೈ, ನಡುವೆ ಉಪ್ಪಿನ ತೇವ: ಬೋಲ್ಟಿನ ಕೆಳಗೆ ಕರೆಯದೇ ಬಂದು ನೆಲಸಿದ್ದುದು ಅದೇ ಬ್ಯಾಟರಿ. ಅಂಥ ಜೋಡಿಯಲ್ಲಿ ಸವೆಯುವುದು ಕಬ್ಬಿಣವೇ. ಕಾರನ್ನು ನಡೆಸಲು ನಾವು ದುಡ್ಡು ಕೊಟ್ಟು ತಂದ ಬ್ಯಾಟರಿಯ ದಾರಿಯನ್ನು, ಪ್ರಕೃತಿಯು ತಾನಾಗಿ ಕಟ್ಟಿದ ಒಂದು ಪುಟ್ಟ ಬ್ಯಾಟರಿಯು ತಿಂಗಳುಗಟ್ಟಲೆ ಕುಳಿತು ತಿಂದುಹಾಕಿತ್ತು.

ಆರಿದ ದೀಪವು ಹತ್ತು ನಿಮಿಷದ ಮೇಲೆ ಮರಳಿದ್ದೇಕೆಂಬ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ನಯವಾಗಿ ಕಾಣುವ ಎರಡು ಲೋಹದ ಮುಖಗಳನ್ನು ಒಂದರ ಮೇಲೊಂದು ಇಟ್ಟರೆ, ಅವು ಪೂರ್ಣವಾಗಿ ಕೂಡುತ್ತವೆಂದು ತಿಳಿಯುತ್ತೇವೆ. ವಾಸ್ತವದಲ್ಲಿ, ಎರಡು ಮುರಕಲ್ಲುಗಳನ್ನು ಒಂದರ ಮೇಲೊಂದಿಟ್ಟಾಗ ಅಲ್ಲೊಂದು ಇಲ್ಲೊಂದು ಉಬ್ಬು ಮಾತ್ರ ತಗಲಿ ಉಳಿದೆಡೆಯೆಲ್ಲ ಟೊಳ್ಳು ಉಳಿಯುವಂತೆ, ಲೋಹಗಳೂ ಕಣ್ಣಿಗೆ ಕಾಣದ ಕೆಲವೇ ತುದಿಗಳಲ್ಲಿ ಮುಟ್ಟಿರುತ್ತವೆ. ಕೇಂಬ್ರಿಜ್‌ನ ಬೌಡನ್ ಮತ್ತು ಟೇಬರ್ ಎಂಬ ವಿಜ್ಞಾನಿಗಳು 1939ರಲ್ಲಿ, ಹೀಗೆ ನಿಜವಾಗಿ ಕೂಡುವ ಜಾಗವು ತೋರಿಕೆಯ ಜಾಗದ ಅತ್ಯಲ್ಪ ಅಂಶವೆಂದು ವಿದ್ಯುತ್ತಿನ ತಡೆಯನ್ನಳೆದೇ ತೋರಿಸಿಕೊಟ್ಟರು. ಬೋಲ್ಟು ಬಿಗಿಯಾಗಿದ್ದು ಲೋಹವು ಶುದ್ಧವಾಗಿದ್ದರೆ ಆ ತುದಿಗಳೇ ಸೆಲ್ಫಿನ ಪ್ರವಾಹಕ್ಕೆ ಧಾರಾಳ ಸಾಕು. ತುಕ್ಕು ನಡುವೆ ಸೇರಿ ಅವುಗಳಲ್ಲಿ ಒಂದೆರಡು ಮಾತ್ರ ಉಳಿದಾಗ, ಸೆಲ್ಫಿನ ಪ್ರವಾಹವು ಅವುಗಳ ಮೇಲೆ ಮುಗಿಬಿದ್ದು, ಕಾಯಿಸಿ, ಆ ಕೊನೆಯ ಸೇತುವೆಗಳನ್ನೂ ಕಡಿಯುತ್ತದೆ. ಕಾದ ಲೋಹವು ತಣಿದು ಸಂಕುಚಿಸಿದಂತೆ ಎಲ್ಲಿಯೋ ಒಂದು ತುದಿ ಇನ್ನೊಂದಕ್ಕೆ ಮತ್ತೆ ತಗಲುತ್ತದೆ, ಒಳದೀಪವು ಬೆಳಗುತ್ತದೆ. ಬೋನೆಟ್ಟನ್ನು ದಡ್ಡನೆ ಮುಚ್ಚಿದಾಗಲೋ, ಗಾಡಿಯನ್ನು ಅಲುಗಿಸಿದಾಗಲೋ ವಿದ್ಯುತ್ತು ಮರಳುವುದೂ ಹೀಗೆಯೇ.

ಮೆಕ್ಯಾನಿಕನು ಎಮರಿ ಕಾಗದದಿಂದ ಬಳೆಯನ್ನೂ ಉಕ್ಕನ್ನೂ ಹೊಸ ನಾಣ್ಯದಂತೆ ಹೊಳೆಯುವವರೆಗೆ ಉಜ್ಜಿ, ಬೋಲ್ಟನ್ನು ಬಿಗಿದು, ತೇವವು ಮತ್ತೆ ಒಳಸೇರದಂತೆ ಮೇಲಿನಿಂದ ಗ್ರೀಸು ಸವರಿದ. ಋಣದ ಹಿಡಿಕೆಯನ್ನು ಕೂರಿಸಿದ ಮೇಲೆ ನಾನು ಕೀಲಿ ತಿರುಗಿಸಿದೆ. ಎಂಜಿನು ಮೊದಲ ಸುತ್ತಿನಲ್ಲೇ ಹಿಡಿಯಿತು. ಹುಡುಗನು ಮಾತ್ರ ಇನ್ನೂ ಬೋನೆಟ್ಟಿನ ಮೇಲೆ ಬಾಗಿಯೇ ಇದ್ದ. ಎಂಜಿನನ್ನು ಆರಿಸಿ ಹೆಡ್‌ಲೈಟು ಹಾಕಬೇಕೆಂದು ನನಗೆ ಹೇಳಿ, ಮೀಟರಿನ ಒಂದು ಕಡ್ಡಿಯನ್ನು ಬಳೆಯ ಮೇಲೆ, ಇನ್ನೊಂದನ್ನು ಬೆರಳಗಲದ ಆಚೆ ಉಕ್ಕಿನ ಮೇಲೆ ಇಟ್ಟು, ಅಂಕಿ ನಿಲ್ಲುವವರೆಗೆ ಕಾದು, “ದೊಡ್ಡಪ್ಪ, 0.02” ಎಂದ. ಗೇಟು ಮತ್ತೆ ಇಳಿಯುತ್ತಿತ್ತು. ಮಂಗಳೂರಿನ ಕಡೆಗೆ ಹೋಗುವ ರೈಲು ದೂರದಲ್ಲಿ ಕೂಗಿತು.